ಗ್ರೀಸ್ ಕಲಿಸಿದ ಪಾಠ

ಎಂಟನೇ ತರಗತಿಗೆ ವಾಹಕ–ಅವಾಹಕಗಳ ಪಾಠ ಮಾಡಲು ಬೈಕಿನ ಇಂಡಿಕೇಟರ್ ಕನೆಕ್ಟರ್, ಅದಕ್ಕೆ ಹಚ್ಚುವ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್, ಟಾರ್ಚ್ ಬಲ್ಬು, ಸೆಲ್ಲುಗಳನ್ನು ಒಯ್ದಿದ್ದೆ. "ಈ ಗ್ರೀಸ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ" ಎಂದುಬಿಟ್ಟೆ. ಒಬ್ಬ ವಿದ್ಯಾರ್ಥಿನಿ ಎರಡು ತಂತಿಗಳ ತುದಿಗಳ ನಡುವೆ ಗ್ರೀಸ್ ಇಟ್ಟು ನೋಡಿದಳು, ಬಲ್ಬು ಉರಿಯಲಿಲ್ಲ. "ಹಾಗಾದರೆ ಇದನ್ನು ಯಾಕೆ ಹಚ್ಚುತ್ತಾರೆ ಸರ್?" ಉತ್ತರ ನನ್ನಲ್ಲಿರಲಿಲ್ಲ.

ಮರುದಿನ ತಪ್ಪನ್ನು ಒಪ್ಪಿಕೊಂಡೆ. ಗ್ರೀಸ್ ತೆಳುವಾಗಿ ಸವರಿದ ಕನೆಕ್ಟರನ್ನು ಜೋಡಿಸಿದಾಗ ಬಲ್ಬು ಉರಿಯಿತು. ಬಿಗಿಯಾಗಿ ಕೂರುವ ಪಿನ್ ಗ್ರೀಸನ್ನು ಪಕ್ಕಕ್ಕೆ ತಳ್ಳುವುದರಿಂದ ಲೋಹಕ್ಕೆ ಲೋಹ ತಾಗುತ್ತದೆ. ಸುತ್ತ ಉಳಿದ ಗ್ರೀಸ್ ನೀರು, ಗಾಳಿಯನ್ನು ತಡೆದು ಕಿಲುಬು ಹಿಡಿಯದಂತೆ ಕಾಯುತ್ತದೆ. ಹಿಡಿದ ಕಿಲುಬನ್ನು ಅದು ತೆಗೆಯದು.

ಈಗ ನನ್ನ ಪಾಠಯೋಜನೆಯಲ್ಲಿ ಆ ಹುಡುಗಿಯ ಪ್ರಯೋಗವೇ ಮೊದಲ ಚಟುವಟಿಕೆ, ವಿವರಣೆ ಆಮೇಲೆ.