ಹಿತ್ತಿಲಿನ ಹೊಗೆಸೊಪ್ಪು ಮತ್ತು ಅದರ ಶೇಖರಣೆ

ಯಲಹಂಕದ ಸುತ್ತಣ ಗ್ರಾಮಗಳಲ್ಲಿ ಅವರೆ ಹೂಬಿಡುವ ಕಾಲಕ್ಕೆ ಹೇನು ಹತ್ತುವುದುಂಟು. ಇದಕ್ಕೆ ಹೊಗೆಸೊಪ್ಪಿನ ಕಷಾಯವು ಹಳೆಯ ಮದ್ದು. ಹಿತ್ತಿಲಿನಲ್ಲಿ ಒಂದೆರಡು ಸಾಲು ನಾಟಿ ಗಿಡಗಳಿದ್ದರೆ ಸಾಕು. ವರ್ಜೀನಿಯಾ ಜಾತಿಯನ್ನು ಮಾತ್ರ 1975ನೆಯ ಇಸವಿಯ ತಂಬಾಕು ಮಂಡಳಿ ಕಾಯಿದೆಯಂತೆ ನೋಂದಣಿಯಿಲ್ಲದೆ ಬೆಳೆಯಕೂಡದು. ಜಗಿಯುವ ಅಭ್ಯಾಸವು ಬಾಯಿಯ ಕ್ಯಾನ್ಸರ್ ರೋಗಕ್ಕೆ ಕಾರಣವಾದುದರಿಂದ ಇಲ್ಲಿ ಹೇಳುವುದೆಲ್ಲವೂ ಮದ್ದಿನ ಸೊಪ್ಪಿಗೆ ಮಾತ್ರ.

ಬೀಜವು ಬಹು ಸಣ್ಣದು. ಒಂದು ಗ್ರಾಂ ತೂಕಕ್ಕೆ ಹತ್ತು ಸಾವಿರದಷ್ಟು ಬರುವುದು. ಮರಳಿನೊಡನೆ ಬೆರೆಸಿ ಒಟ್ಟಲಿಗೆ ಚೆಲ್ಲತಕ್ಕದ್ದು. ಮೊಗ್ಗು ಕಂಡೊಡನೆ ತುದಿಯನ್ನೂ, ಅನಂತರ ಎಲೆಯ ಕಂಕುಳಲ್ಲಿ ಒಡೆಯುವ ಕುಡಿಗಳನ್ನೂ ಚಿವುಟಿದರೆ ಎಲೆ ದಪ್ಪವಾಗುವುದು. ಮಂಜಿನಲ್ಲಿ ತೊಯ್ದ ಎಲೆಯನ್ನು ಕೊಯ್ದರೆ ಅದರ ವಿಷವು ಚರ್ಮದ ಮೂಲಕ ಏರಿ ತಲೆಸುತ್ತು, ವಾಂತಿಗಳಾಗುವುವು; ಬಿಸಿಲೇರಿದ ಮೇಲೆಯೇ ಕೊಯ್ಯಬೇಕು.

ಆದರೆ ನಷ್ಟವೆಲ್ಲ ಬಹುಮಟ್ಟಿಗೆ ಶೇಖರಣೆಯಲ್ಲಿ. ಮದ್ದಿನ ಸತ್ವವಾದ ನಿಕೋಟಿನ್ ನೀರಿನಲ್ಲಿ ಕರಗುವಂಥದು. ಅಂಗಳದಲ್ಲಿ ಒಣಹಾಕಿದ ಸೊಪ್ಪು ಮಳೆಗೆ ನೆನೆದರೆ ಉಳಿಯುವುದು ಕಸವೇ. ಎಲೆಗಳನ್ನು ದಾರಕ್ಕೆ ಪೋಣಿಸಿ ಗಾಳಿಯಾಡುವ ಸೂರಿನಡಿ ತೂಗಹಾಕಿ, ನಡುನರವು ಬಗ್ಗದೆ ಪಟ್ಟನೆ ಮುರಿಯುವವರೆಗೂ ಇಳಿಸಕೂಡದು. ಅಂಚು ಒಣಗಿತೆಂದು ಅವಸರದಿಂದ ಕಟ್ಟಿದ ಕಂತೆಯು ಒಳಗೇ ಬಿಸಿಯೇರಿ ಬೂಷ್ಟು ಹಿಡಿಯುವುದು. ನರ ಒಣಗಿದ ಮೇಲೆ ಮುಂಜಾನೆಯ ತಂಪಿನಲ್ಲಿ ಇಳಿಸಿದರೆ ಎಲೆ ಪುಡಿಯಾಗದು. ಗೋಣಿಯಲ್ಲಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ, ದವಸದಿಂದ ದೂರ, ಮಕ್ಕಳ ಕೈಗೆ ಎಟುಕದೆಡೆ ಇಡತಕ್ಕದ್ದು. ಹೇನನ್ನು ಕೊಲ್ಲುವ ಈ ಸೊಪ್ಪನ್ನೇ ತಿಂದು ಬದುಕುವ ಕಂದು ದುಂಬಿಯೊಂದುಂಟು. ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ತೂತು ಕಂಡರೆ ಬಿಸಿಲಿಗೆ ಹರಡಬೇಕು.

ಅರ್ಧ ಕಿಲೋ ಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ ಸೋಸಿ, ಬೇರೆಯಾಗಿ ಕರಗಿಸಿದ 120 ಗ್ರಾಂ ಬಾರ್ ಸಾಬೂನನ್ನು ಸೇರಿಸಿ, ಆರು ಪಾಲು ನೀರು ಬೆರೆಸಿ ಸಿಂಪಡಿಸುವುದು. ಕಾಯಿ ಕೊಯ್ಯುವ ದಿನಗಳಲ್ಲಿ ಸಿಂಪಡಿಸಕೂಡದು.