ಕಾಲು ಸೋತ ಹೇಂಟೆ

ಹೇಮಾವತಿಯ ಆಚೀಚೆ ಹಬ್ಬಿರುವ ಸಕಲೇಶಪುರ, ಆಲೂರು ಸೀಮೆಯ ತೋಟದ ಮನೆಗಳಲ್ಲಿ ಮಳೆಗಾಲದ ನಡುವೆ ಕೋಳಿಯೊಂದು ಕಾಲೆಳೆಯತೊಡಗಿತೆಂದರೆ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: "ಕೊಕ್ಕರೆ ರೋಗ ಬಂದದೆ ಅಮ್ಮ, ಬೇರೇವಕ್ಕೆ ತಗಲೋದ್ರೊಳಗೆ ಕುಯ್ದುಬಿಡಿ." ಈ ಮಾತು ನಿರಾಧಾರವಾದುದಲ್ಲ. 1927ರಲ್ಲಿ ಕುಮಾವೂನಿನ ಗಿರಿಪಟ್ಟಣವೊಂದರಲ್ಲಿ ಗುರುತಿಸಲ್ಪಟ್ಟು ಆ ಊರಿನಿಂದಲೇ ರಾಣಿಖೇತವೆಂಬ ಹೆಸರನ್ನೂ ಪಡೆದ ಆ ವ್ಯಾಧಿಯು ಹಿತ್ತಿಲನ್ನು ಹೊಕ್ಕಿತೆಂದರೆ, ಸಂಜೆ ಗೂಡು ಸೇರಿದ ಹಕ್ಕಿಗಳಲ್ಲಿ ಬೆಳಗ್ಗೆ ಎದ್ದು ಬರುವವು ಎಷ್ಟೆಂಬುದನ್ನು ಎಣಿಸಬೇಕಾಗುತ್ತದೆ. ಆದರೆ ಕಾಲಿನ ಸೋಲು ಅನೇಕ ವ್ಯಾಧಿಗಳಿಗೆ ಸಾಧಾರಣವಾದ ಲಕ್ಷಣ; ಅವುಗಳಲ್ಲಿ ಕೆಲವು ಮಾರಕ, ಕೆಲವು ಕೇವಲ ಆಹಾರದ ಕೊರತೆ. ಯಾವುದೆಂದು ತಿಳಿಯುವ ಮುನ್ನ ಕತ್ತಿಯನ್ನು ತೆಗೆಯುವುದು ಆ ಜೀವಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ನಮ್ಮ ಮನೆಯಲ್ಲಿ ಹಾಗೆ ಕುಸಿದದ್ದು ಒಂದು ಗಿರಿರಾಜ ಹೇಂಟೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಈ ತಳಿ ನಾಟಿ ಕೋಳಿಯಂತೆಯೇ ಕೆದಕಿ ತಿಂದು ಬದುಕಬಲ್ಲುದಾದರೂ, ಮೈತೂಕದಲ್ಲಿಯೂ ಮೊಟ್ಟೆಯ ಸಂಖ್ಯೆಯಲ್ಲಿಯೂ ಅದನ್ನು ಬಹಳವಾಗಿ ಮೀರಿದುದು. ಪುಷ್ಯದ ಮಳೆ ಹಗಲಿರುಳೆನ್ನದೆ ಸುರಿಯುತ್ತಿದ್ದಾಗ ಅದು ಎರಡು ಕಾಲುಗಳನ್ನೂ ಮಡಿಸಿ ನೆಲಕ್ಕೆ ಕುಳಿತುಬಿಟ್ಟಿತು. ರೋಗವಿದ್ದರೂ ಇರಬಹುದೆಂದು ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಒಣ ಹುಲ್ಲು ಹಾಸಿದ ಮಂಕರಿಯಲ್ಲಿಟ್ಟು, ಸಾವಧಾನವಾಗಿ ನೋಡತೊಡಗಿದೆನು. ಕೊಕ್ಕರೆ ರೋಗವಾಗಿದ್ದಲ್ಲಿ ಬಾಯಿ ತೆರೆದು ಉಸಿರಾಡುವುದು, ಹಸುರು ನೀರಿನಂತಹ ಹಿಕ್ಕೆ, ಕೊರಳಿನ ತಿರುಚು ಇವುಗಳಲ್ಲಿ ಒಂದಾದರೂ ಕಾಣಬೇಕಾಗಿತ್ತು, ಕಾಣಲಿಲ್ಲ. ಅಂಗಾಲಿನಲ್ಲಿ ಬಾವಿರಲಿಲ್ಲ, ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒತ್ತಿ ನೋಡಿದರೆ ಮೊಟ್ಟೆ ಸಿಕ್ಕಿಕೊಂಡ ಗಟ್ಟಿತನವೂ ಇರಲಿಲ್ಲ. ಜುಟ್ಟು ಕೆಂಪಾಗಿತ್ತು, ಕಣ್ಣು ನಿರ್ಮಲವಾಗಿತ್ತು, ಕಾಳನ್ನು ಮುಂದಿಟ್ಟರೆ ಆತುರದಿಂದ ತಿನ್ನುತ್ತಿತ್ತು. ಇದೆಲ್ಲಕ್ಕಿಂತ ಹೆಚ್ಚಿನ ಸಾಕ್ಷ್ಯವು ಕುಸಿಯುವ ಮುಂಚಿನ ದಿನಗಳ ಮೊಟ್ಟೆಗಳಲ್ಲಿತ್ತು: ಅವುಗಳ ಚಿಪ್ಪು ಬರಬರುತ್ತ ತೆಳುವಾಗಿ, ಕಡೆಯದು ಬರಿಯ ಪೊರೆಯೊಳಗೇ ಹೊರಬಿದ್ದಿತ್ತು.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟುವ ಕಾರ್ಯ ಬಹುಮಟ್ಟಿಗೆ ಇರುಳಿನಲ್ಲಿ, ಕರುಳು ಬರಿದಾಗಿರುವ ಹೊತ್ತಿನಲ್ಲಿ ನಡೆಯುವುದರಿಂದ, ಪ್ರಕೃತಿಯು ಮೊಟ್ಟೆಯಿಡುವ ಹಕ್ಕಿಯ ಉದ್ದೆಲುಬುಗಳ ಮಜ್ಜೆಯ ಪೊಳ್ಳಿನೊಳಗೆ ಬೇರೊಂದು ಬಗೆಯ ಎಲುಬನ್ನು ಬೆಳೆಸಿ, ಕಣಜದಲ್ಲಿ ಕಾಳನ್ನು ಕೂಡಿಡುವಂತೆ ಅಲ್ಲಿ ಸುಣ್ಣವನ್ನು ಕೂಡಿಟ್ಟಿರುತ್ತದೆ. ದಿನದಿನದ ಆಹಾರದಿಂದ ಆ ಸಂಗ್ರಹ ತುಂಬದಿದ್ದರೆ ದೇಹವು ತನ್ನನ್ನು ಹೊತ್ತಿರುವ ಎಲುಬನ್ನೇ ಕರಗಿಸತೊಡಗುವುದು. ನಮ್ಮ ಕಡೆ ಕೋಳಿಗೆ ಹಾಕುವುದು ನುಚ್ಚು, ಭತ್ತ, ಕೆಲವೊಮ್ಮೆ ರಾಗಿ. ಧಾನ್ಯಗಳಲ್ಲೆಲ್ಲ ಕ್ಯಾಲ್ಸಿಯಂ ಹೇರಳವಾಗಿರುವುದು ರಾಗಿಯಲ್ಲಿ ಎಂಬುದು ನಿಜ. ಆದರೂ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಮಾತ್ರ. ಒಂದು ಚಿಪ್ಪಿಗೆ ಬೇಕಾದಷ್ಟು ದೊರೆಯಬೇಕಾದರೆ ಹೇಂಟೆಯು ದಿನಕ್ಕೆ ಅರ್ಧ ಸೇರಿಗೂ ಮೀರಿ ರಾಗಿಯನ್ನು ತಿನ್ನಬೇಕು. ಅದು ತಿನ್ನಬಲ್ಲುದಾದರೋ 100ರಿಂದ 120 ಗ್ರಾಂ.

ಇದಕ್ಕೆ ಬಿಸಿಲಿನ ಅಭಾವವೂ ಸೇರುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಏರಲು ಬೇಕಾದ ಡಿ ಜೀವಸತ್ವ ಹಕ್ಕಿಯ ಮೈಯಲ್ಲಿ ಹುಟ್ಟುವುದು ಸೂರ್ಯಕಿರಣದಿಂದ. 1920ರ ದಶಕದ ಮೊದಲಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹಾರ್ಟ್, ಹಾಲ್ಪಿನ್, ಸ್ಟೀನ್‌ಬಾಕ್ ಎಂಬ ವಿದ್ವಾಂಸರು ಮರಿಗಳ ಕಾಲುಸೋಲನ್ನೇ ವ್ಯಾಸಂಗದ ವಿಷಯವಾಗಿ ಮಾಡಿಕೊಂಡು ಅದರ ಬೇರನ್ನು ಆಹಾರದಲ್ಲಿ ಹುಡುಕಿದರು. ಮೀನಿನ ಯಕೃತ್ತಿನ ಎಣ್ಣೆಯಿಂದಲೂ ಬಿಸಿಲಿನಿಂದಲೂ ಅದು ತಪ್ಪುವುದೆಂಬ ತಿಳಿವು ಬೆಳೆದದ್ದು ಆ ಕಾಲದಲ್ಲಿಯೇ. ಅಲ್ಲಿ ಹಕ್ಕಿಯನ್ನು ಒಳಗೆ ಕೂಡುವುದು ಹಿಮ. ನಮ್ಮಲ್ಲಿ ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಹೊಡೆಯುವ ಮಳೆ, ಜೊತೆಗೆ ತೋಟದ ಮರಗಳ ದಟ್ಟ ನೆರಳು.

ಪಶುವೈದ್ಯರು ನೋಡಿ, ಡಿ3 ಜೀವಸತ್ವ ಕೂಡಿದ ಕ್ಯಾಲ್ಸಿಯಂ ದ್ರವವನ್ನು ಕೊಟ್ಟರು. ಔಷಧವನ್ನು ಕುಡಿಸುವುದು ಸುಲಭ, ಶ್ರಮವೆಲ್ಲ ಆರೈಕೆಯದು. ಒಂದೇ ಮಗ್ಗುಲಲ್ಲಿ ಕುಳಿತರೆ ಎದೆಯ ಮೂಳೆಯ ಮೇಲೆ ಹುಣ್ಣಾಗುವುದರಿಂದ ಹೊತ್ತುಹೊತ್ತಿಗೆ ತಿರುಗಿಸಿ ಕೂರಿಸಬೇಕು, ಹುಲ್ಲನ್ನು ಬದಲಿಸಬೇಕು, ನೀರು ಕೊಕ್ಕಿಗೆ ಎಟಕುವಂತಿರಬೇಕು, ಏಕೆಂದರೆ ಎದ್ದು ಹೋಗಲಾರದ ಕೋಳಿ ರೋಗದಿಂದ ಸಾಯುವ ಮೊದಲೇ ಬಾಯಾರಿಕೆಯಿಂದ ಸಾಯುವುದುಂಟು. ಚಿಪ್ಪಿನ ಚೂರನ್ನು ನುಣ್ಣಗೆ ಪುಡಿಮಾಡದೆ, ತರಿತರಿಯಾಗಿ ಕುಟ್ಟಿ, ಸಂಜೆಯ ಹೊತ್ತು ಕೊಡುತ್ತಿದ್ದೆನು. ದಪ್ಪ ಚೂರು ಒಳಗೆ ಮೆಲ್ಲಮೆಲ್ಲನೆ ಕರಗಿ, ಚಿಪ್ಪು ಕಟ್ಟುವ ಇರುಳಿನಲ್ಲಿ ಒದಗುತ್ತದೆ. ಮಘೆಯ ಮಳೆಗೆ ಮೋಡ ಹರಿದು ಬಿಸಿಲು ಬಿದ್ದಾಗ ಅದನ್ನು ಕಾಫಿ ಕಣಕ್ಕೆ ಹೊತ್ತು ತಂದು ಬಿಡುವುದಾಯಿತು. ಅದು ಎದ್ದಿತು, ನಡೆಯಿತು, ಮರಳಿ ಮೊಟ್ಟೆಯನ್ನೂ ಇಟ್ಟಿತು. ಎಡಗಾಲಿನ ಕುಂಟು ಮಾತ್ರ ಉಳಿಯಿತು.

ಮರುವರ್ಷ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆಯೊಂದು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದಾಗ ಈ ಉಪಚಾರ ಯಾವುದೂ ಫಲಿಸಲಿಲ್ಲ. ಸತ್ತ ಹಕ್ಕಿಯನ್ನು ಸೀಳಿ ನೋಡಿದ ವೈದ್ಯರು ತೊಡೆಯ ನರವನ್ನು ತೋರಿಸಿದರು. ಒಂದು ಕಡೆಯದು ಇನ್ನೊಂದರ ಎರಡರಷ್ಟು ದಪ್ಪವಾಗಿತ್ತು. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವರ್ಣಿಸಿದ, ಅವರ ಹೆಸರನ್ನೇ ಹೊತ್ತಿರುವ ರೋಗವದು. ಅದಕ್ಕೆ ಔಷಧವಿಲ್ಲ. ಮರಿ ಹೊರಬಂದ ಮೊದಲ ದಿನವೇ ಲಸಿಕೆ ಹಾಕಿಸಬೇಕು. ಆ ಲಸಿಕೆಯೂ ಸಾಮಾನ್ಯವಾಗಿ ಬರುವುದು 1,000 ಮರಿಗಳಿಗಾಗುವ ಸೀಸೆಯಲ್ಲಿ. ಮನೆಯ ಹೇಂಟೆಯ ಕಾವಿನಿಂದ ಎದ್ದ ಹತ್ತು ಹನ್ನೆರಡು ಮರಿಗಳಿಗೆ ಅದು ಎಟಕುವುದು ಕಷ್ಟ. ಹೊರಗಿನಿಂದ ಮರಿ ತರುವವರು ಮಾತ್ರ ಲಸಿಕೆಯಾಗಿದೆಯೇ ಎಂದು ಕೇಳಿಯೇ ತರಬೇಕು.

ಕೊಕ್ಕರೆ ರೋಗದ ವಿಷಯದಲ್ಲಿ ನಾವು ಹಾಗೆ ನಿಸ್ಸಹಾಯಕರಲ್ಲ. ಅದರ ಲಸಿಕೆಯ ಸೀಸೆಯೂ ಒಂದು ಮನೆಗೆ ದೊಡ್ಡದು, ಕಲಸಿದ ಮೇಲೆ ಕೆಲವು ಗಂಟೆಗಳೊಳಗೆ ಮುಗಿಸಲೂ ಬೇಕು. ಆದುದರಿಂದ ಮಳೆ ಹಿಡಿಯುವುದಕ್ಕೆ ಮೊದಲೇ ನಮ್ಮ ಕಣಿವೆಯ ಮನೆಗಳವರೂ ಲೈನಿನಲ್ಲಿರುವ ಕೂಲಿಯವರೂ ಒಂದು ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆಯೇ ಕೋಳಿಗಳನ್ನೆಲ್ಲ ಗೂಡಿನಲ್ಲಿ ಕೂಡಿ, ಮಂಜುಗಡ್ಡೆಯಲ್ಲಿಟ್ಟು ತಂದ ಒಂದೇ ಸೀಸೆಯಿಂದ ಎಲ್ಲಕ್ಕೂ ಬೆಳಗಿನ ತಂಪಿನಲ್ಲಿ ಹಾಕಿಸುತ್ತೇವೆ.