ಮೂತ್ರವರ್ಧಕ ಮಾತ್ರೆ, ಉಪವಾಸ ಮತ್ತು ರಕ್ತಪರೀಕ್ಷೆ

ರಕ್ತದೊತ್ತಡಕ್ಕೂ, ಹೃದಯದ ದುರ್ಬಲತೆಯಿಂದ ಕಾಲುಗಳಲ್ಲಿ ತೋರುವ ಊತಕ್ಕೂ ಕೊಡಲಾಗುವ ಮೂತ್ರವರ್ಧಕ ಔಷಧಿಯನ್ನು ಜನರು ‘ನೀರು ಹೋಗುವ ಮಾತ್ರೆ’ ಎನ್ನುತ್ತಾರೆ. ಈ ಹೆಸರಿನಲ್ಲಿ ಅರ್ಧ ಸತ್ಯ ಮಾತ್ರವಿದೆ. ಮಾತ್ರೆಯು ಮೂತ್ರಪಿಂಡದ ಮೂಲಕ ಮೊದಲು ಹೊರಗೆ ಕಳುಹಿಸುವುದು ಉಪ್ಪನ್ನು. ನೀರು ಅದನ್ನು ಹಿಂಬಾಲಿಸುತ್ತದೆ. 1958ರಲ್ಲಿ ಬಳಕೆಗೆ ಬಂದ ಕ್ಲೋರೋಥಯಜೈಡ್ ಮೊದಲ್ಗೊಂಡು ಇಂದಿನ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಫ್ಯೂರೋಸಮೈಡ್‌ಗಳವರೆಗೆ ಇದೇ ಕ್ರಮ. ಉಪವಾಸವೂ ರಕ್ತದ ಲೆಕ್ಕವನ್ನು ಬದಲಿಸುತ್ತದೆ, ಮಾತ್ರೆಯೂ ಬದಲಿಸುತ್ತದೆ. ಎರಡೂ ಕೂಡಿದಾಗ ಇಲ್ಲದ ರೋಗವನ್ನು ವರದಿಯಲ್ಲಿ ಕಾಣುವ, ಇಲ್ಲವೆ ಇರುವ ಅಪಾಯವನ್ನು ವ್ರತದ ಆಯಾಸವೆಂದು ಕಡೆಗಣಿಸುವ ಸಂಭವವುಂಟು.

ನೆಲಮಂಗಲದ ಗೃಹಸ್ಥರೊಬ್ಬರು ಥಯಜೈಡ್ ಸೇವಿಸುತ್ತಲೇ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿ, ಪಾರಣೆಯ ಮರುದಿನ ರಕ್ತ ಕೊಟ್ಟರೆಂದಿಟ್ಟುಕೊಳ್ಳಬಹುದು. 100 ಮಿಲಿಲೀಟರಿಗೆ ಯೂರಿಕ್ ಆಮ್ಲ 7 ಮಿಲಿಗ್ರಾಂ ಮೀರಿರಬಹುದು; ಯೂರಿಯಾ, ಹಿಮೋಗ್ಲೋಬಿನ್‌ಗಳೂ ಏರಿರಬಹುದು. ರಕ್ತದ ನೀರಿನಂಶ ಕುಗ್ಗಿ, ಉಳಿದದ್ದು ಸಾಂದ್ರವಾಗಿರುತ್ತದೆ. ಉಪವಾಸದಲ್ಲಿ ಕೊಬ್ಬು ಕರಗಿ ಹುಟ್ಟುವ ಕೀಟೋನ್‌ಗಳು ಯೂರಿಕ್ ಆಮ್ಲದ ವಿಸರ್ಜನೆಯನ್ನು ತಡೆಯುತ್ತವೆ. ಮಾತ್ರೆಯೂ ಅದನ್ನೇ ಮಾಡುತ್ತದೆ. ಕೀಲುಗಳಲ್ಲಿ ನೋವಾಗಲಿ ಊತವಾಗಲಿ ಇಲ್ಲದಾಗ, ಈ ಅಂಕಿಯೊಂದರಿಂದಲೇ ಗೌಟ್ ಎಂದು ನಿಶ್ಚಯಿಸಲಾಗದು.

ಇದಕ್ಕಿಂತ ಗಂಭೀರವಾದದ್ದು ಸೋಡಿಯಂನ ವಿಚಾರ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆಗಳೊಡನೆ ಉಪ್ಪೂ ಎಣಿಕೆಗೆ ಬರುತ್ತದೆ. ವೃದ್ಧ ಶ್ರಾವಿಕೆಯೊಬ್ಬರು ಉಪ್ಪನ್ನು ತ್ಯಜಿಸಿದ್ದಾರೆ. ಮಾತ್ರೆ ಇದ್ದ ಉಪ್ಪನ್ನೂ ಹೊರಹಾಕುತ್ತಿದೆ. ಕಾಯಿಸಿ ಆರಿಸಿದ ನೀರನ್ನು ಮಾತ್ರ ಹೇರಳವಾಗಿ ಕುಡಿಯುತ್ತಿದ್ದಾರೆ. ಥಯಜೈಡ್ ಇರುವಾಗ ಮೂತ್ರಪಿಂಡವು ಹೆಚ್ಚುವರಿ ನೀರನ್ನು ತೆಳುವಾದ ಮೂತ್ರವಾಗಿ ಹೊರಬಿಡಲಾರದು. ಲೀಟರಿಗೆ 135ರಿಂದ 145 ಮಿಲಿ ಈಕ್ವಿವಲೆಂಟ್ ಇರಬೇಕಾದ ಸೋಡಿಯಂ ಆಗ ಇಳಿಯುತ್ತದೆ. ಮೊದಲು ತಲೆನೋವು, ವಾಕರಿಕೆ. ಬಳಿಕ ಮಂಕು, ಮಾತಿನ ತೊಡಕು. ತೀರ ಇಳಿದರೆ ಅಪಸ್ಮಾರ. ಮನೆಯವರು ವಯಸ್ಸಿನ ಮೇಲೋ ವ್ರತದ ಮೇಲೋ ಕಾರಣ ಹೊರಿಸಿ ಸುಮ್ಮನಿರುವುದು ಇಂಥಲ್ಲಿಯೇ. ಈ ತೊಂದರೆ ವೃದ್ಧ ಸ್ತ್ರೀಯರಲ್ಲಿ ಹೆಚ್ಚು. ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿಯೇ ತೋರುವುದೂ ಉಂಟು.

ಪೊಟ್ಯಾಸಿಯಂ ಎರಡೂ ದಿಕ್ಕಿಗೆ ಸರಿಯಬಲ್ಲದು. ಥಯಜೈಡ್, ಫ್ಯೂರೋಸಮೈಡ್‌ಗಳು ಅದನ್ನು 3.5ಕ್ಕಿಂತ ಕೆಳಗಿಳಿಸಿ ಸ್ನಾಯುಗಳನ್ನು ಬಲಹೀನಗೊಳಿಸಬಹುದು, ಹೃದಯದ ಬಡಿತವನ್ನು ಕೆಡಿಸಬಹುದು. ಸ್ಪೈರೋನೋಲ್ಯಾಕ್ಟೋನ್ ಅದನ್ನು ಏರಿಸುತ್ತದೆ. ಅದನ್ನು ಸೇವಿಸುವವರು, ಅದರಲ್ಲಿಯೂ ಮೂತ್ರಪಿಂಡ ದುರ್ಬಲವಾಗಿರುವವರು, ಪಾರಣೆಯಲ್ಲಿ ಎಳನೀರು, ಬಾಳೆಹಣ್ಣುಗಳನ್ನು ಮಿತಿಯಿಲ್ಲದೆ ತೆಗೆದುಕೊಳ್ಳುವುದು ಹಿತವಲ್ಲ. ಇಲ್ಲಿ ಒಂದು ತೊಡಕೂ ಇದೆ. ರಕ್ತವನ್ನು ನೆಲಮಂಗಲದಲ್ಲಿ ತೆಗೆದು, ಸೀರಂ ಬೇರ್ಪಡಿಸದೆ, ಗಂಟೆಗಟ್ಟಲೆ ತಡವಾಗಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಿದರೆ, ರಕ್ತಕಣಗಳಿಂದ ಪೊಟ್ಯಾಸಿಯಂ ಸೋರಿ ಅಂಕಿ ಏರುತ್ತದೆ. ದೇಹದಲ್ಲಿ ನಿಜವಾಗಿ ಇರುವ ಕೊರತೆ ಆಗ ವರದಿಯಲ್ಲಿ ಮುಚ್ಚಿಹೋಗಬಹುದು.

ಆದುದರಿಂದ ವಾಡಿಕೆಯ ಪರೀಕ್ಷೆಯನ್ನು ವ್ರತಾರಂಭಕ್ಕೆ ಮುನ್ನವೇ ಮಾಡಿಸುವುದು ಲೇಸು. ತಪ್ಪಿದರೆ, ಪಾರಣೆಯಾಗಿ ಆಹಾರ ಎಂದಿನಂತಾದ ಒಂದೆರಡು ವಾರಗಳ ಅನಂತರ. ರಕ್ತ ಕೊಡುವಾಗ ಮಾತ್ರೆಯ ಹೆಸರು, ಪ್ರಮಾಣ, ಸೇವಿಸಿದ ಹೊತ್ತು, ಕೊನೆಯ ಆಹಾರದ ಹೊತ್ತು, ಉಪ್ಪು ಬಿಟ್ಟ ದಿನ—ಇವನ್ನು ಚೀಟಿಯಲ್ಲಿ ಬರೆದುಕೊಡತಕ್ಕದ್ದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಸಲ್ಲದು. ಹೃದ್ರೋಗಿಗಳಲ್ಲಿ ಊತವೂ ಉಬ್ಬಸವೂ ಮರುಕಳಿಸಬಹುದು. ಉಪವಾಸದ ದಿನಗಳಿಗೆ ಪ್ರಮಾಣವನ್ನು ಇಳಿಸಬೇಕೇ, ಬಿಡಬೇಕೇ ಎಂಬುದನ್ನು ವೈದ್ಯರೇ ಮುಂಚಿತವಾಗಿ ನಿರ್ಧರಿಸಲಿ. ಮಂಕು, ಮೂರ್ಛೆ, ಎದೆ ಬಡಿತದ ಏರುಪೇರು ಕಂಡಲ್ಲಿ ಮಾತ್ರ ಪಾರಣೆಗಾಗಿ ಕಾಯದೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಸೋಡಿಯಂ, ಪೊಟ್ಯಾಸಿಯಂಗಳನ್ನು ನೋಡಿಸಬೇಕು.